ಕ್ಯಾನ್ಸರ್ ಮತ್ತು ಸೂಕ್ಷ್ಮಜೀವಿ: ನೂರು ವರ್ಷಗಳ ಜಗಳ

ಕ್ಯಾನ್ಸರ್ ಅಂಟುರೋಗವಲ್ಲ ಎಂದು ಎಷ್ಟು ಹೇಳಿದರೂ ರೋಗಿಯ ಲೋಟ, ತಟ್ಟೆಗಳನ್ನು ಬೇರೆ ಇಡುವ ಮನೆಗಳು ನಮ್ಮ ನಡುವೆ ಇವೆ. ಹೀಗಿರುವಾಗ ಕ್ಯಾನ್ಸರಿಗೂ ಸೂಕ್ಷ್ಮಜೀವಿಗಳಿಗೂ ನಂಟಿದೆ ಎಂದು ಬರೆಯಲು ನಮ್ಮ ಕೈ ಅಳುಕುತ್ತದೆ. ಬರೆಯದೆ ಬಿಟ್ಟರೆ ಅರೆಬರೆ ಸುದ್ದಿಗೇ ಗೆಲುವು.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಕೋಳಿಯೊಂದರ ಗೆಡ್ಡೆಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟದಂತೆ ಸೋಸಿ, ಆ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದರು. ಅದಕ್ಕೂ ಗೆಡ್ಡೆ ಬಂತು. ಅದು ವೈರಸ್ಸಿನ ಕೆಲಸ. ಯಾರೂ ಅಷ್ಟಾಗಿ ನಂಬಲಿಲ್ಲ. 1926ರ ನೊಬೆಲ್ ಡೆನ್ಮಾರ್ಕಿನ ಫಿಬಿಗರ್ ಪಾಲಾಯಿತು; ಹುಳುವಿನಿಂದ ಇಲಿಗಳಿಗೆ ಕ್ಯಾನ್ಸರ್ ಬರುತ್ತದೆಂಬ ಅವರ ವಾದ ಮುಂದೆ ಬಿದ್ದೇಹೋಯಿತು. ರೌಸ್ ಅವರಿಗೆ ನೊಬೆಲ್ ಸಿಕ್ಕಿದ್ದು 1966ರಲ್ಲಿ, 87ನೇ ವಯಸ್ಸಿನಲ್ಲಿ!

1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿ ತುಂಬಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಹತ್ತು ವರ್ಷಗಳ ನಂತರ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಮೇದೋಜ್ಜೀರಕ ಗ್ರಂಥಿ, ಉರ್ದುವಿನ ಲಬ್ಲಬಾ, ಜಠರದ ಹಿಂದೆ ಅಡಗಿ ಕೂತ ಅಂಗ. ಅಲ್ಲಿನ ಕ್ಯಾನ್ಸರ್ ಪತ್ತೆಯಾಗುವುದೇ ತಡವಾಗಿ. ಅಲ್ಲಿ ಸೂಕ್ಷ್ಮಜೀವಿಗಳು ಇರುವುದಿಲ್ಲ ಎಂದೇ ವೈದ್ಯರು ಬಹುಕಾಲ ತಿಳಿದಿದ್ದರು. 2013ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು, ವಸಡಿನ ರೋಗದ ಒಂದು ಬ್ಯಾಕ್ಟೀರಿಯಾದ ವಿರುದ್ಧ ರಕ್ತದಲ್ಲಿ ಹೆಚ್ಚು ಪ್ರತಿಕಾಯಗಳಿದ್ದವರಲ್ಲಿ ಈ ಕ್ಯಾನ್ಸರಿನ ಸಾಧ್ಯತೆ ಸುಮಾರು ಎರಡು ಪಟ್ಟು ಎಂದಿತು. ನಂಟು ಕಂಡಿತು ನಿಜ, ಆದರೆ ನಂಟೆಲ್ಲ ಕಾರಣವಾಗುವುದಿಲ್ಲ.

ನಮ್ಮನ್ನು ಹೆಚ್ಚು ಹಿಡಿದಿಟ್ಟಿದ್ದು 2017ರ ಸಂಗತಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರವಿದ್ ಸ್ಟ್ರಾಸ್ಮನ್ ತಂಡ ಈ ಗ್ರಂಥಿಯ 113 ಗೆಡ್ಡೆಗಳನ್ನು ಪರೀಕ್ಷಿಸಿದಾಗ 86ರಲ್ಲಿ ಬ್ಯಾಕ್ಟೀರಿಯಾ ಸಿಕ್ಕವು. ಬಹುಶಃ ಸಣ್ಣ ಕರುಳಿನಿಂದ ನಾಳದ ಮೂಲಕ ಮೇಲೇರಿದವು. ಅವುಗಳಲ್ಲಿ ಕೆಲವು ಜೆಮ್‌ಸಿಟಬಿನ್ ಎಂಬ ಕೀಮೋ ಔಷಧಿಯನ್ನೇ ಒಡೆದು ಕೆಲಸಕ್ಕೆ ಬಾರದಂತೆ ಮಾಡಬಲ್ಲವು. ಮನೆಮಂದಿ ಸಾಲ ಮಾಡಿ ತರುವ ಔಷಧಿ ಅದು.

2019ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಶಿಲೀಂಧ್ರದ ಮೇಲೆ ಬೊಟ್ಟು ಮಾಡಿದರು. ಅವರದೇ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದ ಬೇರೊಂದು ತಂಡ 2023ರಲ್ಲಿ ತಕರಾರು ತೆಗೆಯಿತು. ಜಗಳ ಮುಗಿದಿಲ್ಲ. ಆದರೆ ತಂಬಾಕು, ಬೊಜ್ಜು, ಗ್ರಂಥಿಯ ದೀರ್ಘಕಾಲದ ಉರಿಯೂತ ಇವುಗಳ ಪಾತ್ರದ ಬಗ್ಗೆ ಜಗಳವಿಲ್ಲ. ಲೋಟದಿಂದ ಈ ಕ್ಯಾನ್ಸರ್ ಹರಡುವುದಿಲ್ಲ ಎಂಬುದರ ಬಗ್ಗೆಯೂ ಇಲ್ಲ.

ಹಾಗಾದರೆ ಆಂಟಿಬಯೋಟಿಕ್ ನುಂಗಿಬಿಡೋಣವೇ? 2019ರಲ್ಲೇ ಹ್ಯೂಸ್ಟನ್ನಿನ ಸಂಶೋಧಕರು, ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಕಾಲ ಬದುಕಿದವರ ಗೆಡ್ಡೆಗಳಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿದ್ದುದನ್ನು ಕಂಡರು. ಅಂಥವರ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಸೇರಿಸಿದಾಗ ಇಲಿಗಳ ಗೆಡ್ಡೆ ನಿಧಾನವಾಗಿ ಬೆಳೆಯಿತು.