ಡೈನಮಿಕ್ ರೇಂಜ್ ಕಂಪ್ರೆಷನ್

ಧ್ವನಿಮುದ್ರಿಕೆಯಲ್ಲಿ ಅತಿ ಮೆಲುವಾದ ದನಿಗೂ ಅತಿ ಜೋರಾದ ದನಿಗೂ ಇರುವ ಅಂತರವನ್ನು ಕುಗ್ಗಿಸುವ ವಿಧಾನ. ಈ ಅಂತರವೇ ಡೈನಮಿಕ್ ರೇಂಜ್. ಇದನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಎಂಪಿ3ಯಂತೆ ಫೈಲಿನ ಗಾತ್ರ ಇಳಿಸುವ ಕ್ರಮ ಬೇರೆ, ಇದು ಬೇರೆ.

ಇದಕ್ಕೆ ಬಳಸುವ ಸಾಧನವಾದ ಕಂಪ್ರೆಸರ್ ನಿಗದಿತ ಮಿತಿ ದಾಟಿದ ದನಿಯನ್ನು ಮಾತ್ರ ತಗ್ಗಿಸುತ್ತದೆ. ಅನುಪಾತ 4:1 ಆಗಿದ್ದರೆ, ಮಿತಿಯಿಂದ 8 ಡೆಸಿಬೆಲ್ ಮೇಲೇರಿದ ದನಿ 2 ಡೆಸಿಬೆಲ್ ಮೇಲಷ್ಟೇ ನಿಲ್ಲುತ್ತದೆ. ಬಳಿಕ ಇಡೀ ಮುದ್ರಿಕೆಯ ಮಟ್ಟ ಏರಿಸಿದಾಗ ಮೆಲುದನಿಗಳೂ ಮುಂದೆ ಬರುತ್ತವೆ.

ಹದವಾಗಿ ಬಳಸಿದರೆ ಹಾಡಿನ ಸಾಹಿತ್ಯ ಸ್ಪಷ್ಟವಾಗುತ್ತದೆ. ಬಸ್ಸಿನ ಗದ್ದಲದಲ್ಲೂ ಮೆಲುವಾದ ಭಾಗ ಕೇಳಿಸುತ್ತದೆ. ಅತಿಯಾದರೆ ಏರಿಳಿತ ಅಳಿದು, ಕೇಳುಗರ ಕಿವಿ ದಣಿಯುತ್ತದೆ. ಆದರೂ ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ಜೋರಾದುದೇ ಉತ್ತಮವೆಂದು ತೋರುವುದು ಸಹಜ. ದನಿ ಜೋರಾದಂತೆ ತಗ್ಗಿನ ಸ್ವರಗಳು ಕಿವಿಗೆ ಹೆಚ್ಚು ತುಂಬಿ ಬರುತ್ತವೆ ಎಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದರು. ಆದ್ದರಿಂದ ಎರಡನ್ನೂ ಸಮಾನ ಜೋರಿಗೆ ತಂದೇ ಹೋಲಿಸಬೇಕು.

ತುಮಕೂರು ಜಿಲ್ಲೆಯ ಬರಗೂರು, ಶಿರಾ ಸೀಮೆಯ ಜನಪದ ವಾದ್ಯಗಳಲ್ಲಿ ಕಂಪ್ರೆಷನ್ನಿನ ಪರಿಣಾಮವನ್ನು ಚೆನ್ನಾಗಿ ಗುರುತಿಸಬಹುದು. ಕಾಡುಗೊಲ್ಲರ ಗಣೆ ಉದ್ದನೆಯ ಬಿದಿರಿನ ಊದುವಾದ್ಯ. ಅದು ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಥನಗೀತೆಯೊಂದಿಗೆ ಬೆಸೆದುಕೊಂಡಿದೆ. ಉಸಿರು ಬೆರೆತ ಅದರ ಮೆಲುದನಿಯನ್ನು ಬಲವಾಗಿ ಕುಗ್ಗಿಸಿ ಎತ್ತಿದರೆ, ನಾದದೊಂದಿಗೆ ಸುತ್ತಲಿನ ಗಾಳಿ, ಗದ್ದಲಗಳೂ ಮೇಲೆದ್ದು ಬರುತ್ತವೆ. ತಮಟೆಯ ಜೀವ ಪೆಟ್ಟಿನ ಮೊದಲ ಕ್ಷಣದಲ್ಲಿದೆ. ಕಂಪ್ರೆಸರ್ ತೀರಾ ಬೇಗ ಹಿಡಿದರೆ ಆ ಪೆಟ್ಟು ಮೊಂಡಾಗುತ್ತದೆ. ಕೋಲಿನಿಂದ ಉಜ್ಜಿ ನುಡಿಸುವ ಉರುಮೆಯಲ್ಲಿ ನಾದದ ಏರಿಳಿತವೇ ಸಮತಟ್ಟಾಗುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಸುಮಾರು 96 ಡೆಸಿಬೆಲ್ ವ್ಯಾಪ್ತಿ ಒದಗಿಸಿತು. ಆದರೆ 1990ರ ದಶಕದಿಂದ ಒಬ್ಬರಿಗಿಂತ ಒಬ್ಬರು ಜೋರಾಗಿಸುವ ಪೈಪೋಟಿ ಬಲಿಯಿತು. ಮೆಟಾಲಿಕಾ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ ಇದೇ ಕಾರಣಕ್ಕೆ ಕೇಳುಗರ ಟೀಕೆಗೆ ಗುರಿಯಾಯಿತು. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಜೋರಿನ ಸರಾಸರಿ ಮಟ್ಟವನ್ನು ಎಲ್‌ಯುಎಫ್‌ಎಸ್ ಎಂಬ ಜೋರಿನ ಮಾನದಲ್ಲಿ −23ಕ್ಕೆ ನಿಗದಿಪಡಿಸಿತು. ಈಗ ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು −14ರ ಸುಮಾರಿಗೆ ಹೊಂದಿಸುವುದರಿಂದ, ಜೋರಾಗಿಸಿದ ಹಾಡು ಅಲ್ಲಿ ತಗ್ಗುತ್ತದೆ. ಕಳೆದುಕೊಂಡ ಏರಿಳಿತ ಮಾತ್ರ ಮರಳುವುದಿಲ್ಲ.

ಜನಪದ ಸಂಗೀತವನ್ನು ದಾಖಲಿಸುವವರು ಮೂಲ ಮುದ್ರಿಕೆಯನ್ನು ಕಂಪ್ರೆಷನ್ ಇಲ್ಲದೆ ಕಾಪಿಟ್ಟು, ಪ್ರಸಾರದ ಪ್ರತಿಗೆ ಮಾತ್ರ ಅದನ್ನು ಹದವಾಗಿ ಬಳಸುವುದು ಸರಿಯಾದ ಕ್ರಮ.