ತೋರಿಸಿದವರ ಚರಿತ್ರೆ: ಇಂಗ್ಲೆಂಡಿನ ಹಳ್ಳಿಗಾಡಿನ ಮಹಲು, ತೋಟಗಳಿಗೆ ಒಂದು ದಿನದ ಪ್ರವಾಸ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿರುವ ಹಳೆಯ ಮಹಲುಗಳನ್ನೂ ಅವುಗಳ ಸುತ್ತಲಿನ ತೋಟಗಳನ್ನೂ ನೋಡಲು ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ರೂಢಿಗೆ ಹೆಚ್ಚುಕಡಿಮೆ ಮುನ್ನೂರು ವರ್ಷಗಳಾಗಿವೆ. ಈ ರೂಢಿಯ ಇತಿಹಾಸವನ್ನು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಹೇಳಲಾಗುತ್ತದೆ. ಒಂದು, ಬಾಗಿಲು ತೆರೆದ ಒಡೆಯರ ಔದಾರ್ಯದ ಕಥೆ. ಇನ್ನೊಂದು, ಜನರನ್ನು ಅಲ್ಲಿಗೆ ಮುಟ್ಟಿಸಿದ ರೈಲು, ಮೋಟಾರುಗಳ ಕಥೆ. ಈ ಎರಡರ ನಡುವೆ ನಿಂತವರೊಬ್ಬರಿದ್ದಾರೆ: ಬಂದವರನ್ನು ಜೊತೆಗೆ ಕರೆದೊಯ್ದು ತೋರಿಸಿದವರು. ಏನನ್ನು ನೋಡಬೇಕು, ಎಲ್ಲಿ ನಿಂತು ನೋಡಬೇಕು, ಯಾವುದನ್ನು ಕೇಳಬಾರದು ಎಂಬುದನ್ನು ತೀರ್ಮಾನಿಸಿದವರು ಅವರೇ. ಈ ಪ್ರವಾಸಗಳ ಚರಿತ್ರೆಯನ್ನು ಅವರ ಬಾಯಿಂದ ಹೊರಟ ಮಾತಿನ ಚರಿತ್ರೆಯಾಗಿ, ಹೊರಡದೆ ಉಳಿದ ಮಾತಿನ ಚರಿತ್ರೆಯಾಗಿಯೂ, ಓದಬೇಕೆಂಬುದು ಈ ಲೇಖನದ ವಾದ.

ಬಕಿಂಗ್‌ಹ್ಯಾಮ್‌ಶೈರಿನ ಸ್ಟೋ ಎಂಬ ತೋಟದಿಂದ ಆರಂಭಿಸುವುದು ಸೂಕ್ತ. ಅದರ ಒಡೆಯ ಲಾರ್ಡ್ ಕಾಬಮ್ ತೋಟ ನೋಡಲು ಬರುವವರು ತಂಗಲೆಂದೇ 1717ರಲ್ಲಿ ‘ನ್ಯೂ ಇನ್’ ಎಂಬ ಛತ್ರವನ್ನು ಕಟ್ಟಿಸಿದ. ಪಕ್ಕದ ಬಕಿಂಗ್‌ಹ್ಯಾಮ್ ಪಟ್ಟಣದಲ್ಲಿ ಬರವಣಿಗೆ ಕಲಿಸುತ್ತಿದ್ದ ಬೆಂಟನ್ ಸೀಲಿ 1744ರಲ್ಲಿ ಸ್ಟೋ ತೋಟದ ಕೈಪಿಡಿಯೊಂದನ್ನು ಅಚ್ಚುಹಾಕಿಸಿದ. ಇಂಗ್ಲೆಂಡಿನಲ್ಲಿ ಒಂದು ತೋಟಕ್ಕೆಂದೇ ಬಂದ ಮೊದಲ ಮಾರ್ಗದರ್ಶಿ ಪುಸ್ತಕವಿದು. ನಾಲ್ಕೇ ವರ್ಷಗಳಲ್ಲಿ, 1748ರಲ್ಲಿ, ಸ್ಟೋ ಬಗ್ಗೆ ಫ್ರೆಂಚ್ ಭಾಷೆಯಲ್ಲೂ ಒಂದು ಕೈಪಿಡಿ ಹೊರಬಂತು.

ಅಂಥ ಪುಸ್ತಕ ಬೇಕಾದದ್ದಕ್ಕೆ ಕಾರಣವಿತ್ತು. ಸ್ಟೋ ಬರಿಯ ಹೂಗಿಡಗಳ ತೋಟವಲ್ಲ, ರಾಜಕೀಯ ವಾದವೊಂದನ್ನು ಕಲ್ಲಿನಲ್ಲಿ ಹೂಡಿದ ಜಾಗ. ಪ್ರಾಚೀನ ಸದ್ಗುಣಕ್ಕೆಂದು ಕಟ್ಟಿದ ಗುಂಡು ಮಂಟಪ ಇಡಿಯಾಗಿ ನಿಂತಿದ್ದರೆ, ಸಮೀಪದಲ್ಲೇ ಇದ್ದ ಆಧುನಿಕ ಸದ್ಗುಣದ ಮಂಟಪವನ್ನು ಬೇಕೆಂದೇ ಪಾಳುಬಿದ್ದಂತೆ ಕಟ್ಟಲಾಗಿತ್ತು. ಅಂದಿನ ಪ್ರಧಾನಿ ರಾಬರ್ಟ್ ವಾಲ್‌ಪೋಲ್‌ನ ಆಡಳಿತಕ್ಕೆ ಗುರಿಯಿಟ್ಟ ಏಟು ಅದು. ಕೆಳಗಿನ ಕಣಿವೆಯಲ್ಲಿ ವಿಲಿಯಂ ಕೆಂಟ್ ವಿನ್ಯಾಸ ಮಾಡಿದ ಬ್ರಿಟಿಷ್ ಮಹನೀಯರ ಮಂಟಪ, ಅದರಲ್ಲಿ ಹದಿನಾರು ಎದೆಮಟ್ಟದ ಶಿಲ್ಪಗಳು. ಯಾರು ಯಾರಿಗೆ ಎದುರಾಗಿ ನಿಂತಿದ್ದಾರೆ, ಏಕೆ ನಿಂತಿದ್ದಾರೆ ಎಂಬುದನ್ನು ಹೇಳುವವರಿಲ್ಲದಿದ್ದರೆ ಹೊರಗಿನಿಂದ ಬಂದವನಿಗೆ ಇದೊಂದೂ ತಿಳಿಯುವಂತಿರಲಿಲ್ಲ.

ಆದರೆ ಆ ವಿವರಣೆಯ ಆಚೆಗೆ ಉಳಿದುಬಿಟ್ಟ ಒಂದು ಕಟ್ಟಡ ಸ್ಟೋದಲ್ಲಿ ಇಂದಿಗೂ ಇದೆ. ಮಹಲಿನ ಹತ್ತಿರದಲ್ಲೇ ಮರಗಳ ಮರೆಯಲ್ಲಿ ಒಂದು ಪುಟ್ಟ ಚರ್ಚು. ತೋಟದ ಅಲಂಕಾರಕ್ಕೆಂದು ಕಟ್ಟಿದ್ದಲ್ಲ ಅದು. ಸ್ಟೋ ಎಂಬ ಹೆಸರಿನ ಹಳ್ಳಿಯೊಂದು ಅಲ್ಲಿತ್ತು. ತೋಟ ಬೆಳೆದಂತೆ ಹಳ್ಳಿಯನ್ನು ತೆರವು ಮಾಡಲಾಯಿತು. ಉಳಿದದ್ದು ಆ ಹಳ್ಳಿಯವರ ಚರ್ಚು ಒಂದೇ. ಗ್ರೀಕ್ ಗುಡಿಗಳ ಅಂದಚೆಂದವನ್ನು ಅಳೆದು ತೂಗಿ ಬಂದ ಪ್ರವಾಸಿ ಈ ಚರ್ಚಿನ ಬಳಿ ನಿಲ್ಲಬೇಕೆಂದು ಯಾರೂ ಅವನಿಗೆ ಹೇಳಿಕೊಡಲಿಲ್ಲ. ನನ್ನ ದೃಷ್ಟಿಯಲ್ಲಿ ಸ್ಟೋದ ಎಲ್ಲ ಮಂಟಪಗಳಿಗಿಂತ ಹೆಚ್ಚಿನ ಮಾತು ಹೇಳಬಲ್ಲ ಕಟ್ಟಡ ಅದು.

ಹೇಳಿಕೊಡದೆಯೂ ಕಂಡವರು ಕೆಲವರಿದ್ದರು. 1786ರ ಏಪ್ರಿಲ್‌ನಲ್ಲಿ ಥಾಮಸ್ ಜೆಫರ್ಸನ್ ಮತ್ತು ಜಾನ್ ಆಡಮ್ಸ್ ಜೊತೆಯಾಗಿ ಇಂಗ್ಲೆಂಡಿನ ತೋಟಗಳನ್ನು ಸುತ್ತಿದರು. ಇಬ್ಬರೂ ಮುಂದೆ ಅಮೆರಿಕದ ಅಧ್ಯಕ್ಷರಾದವರು. ಜೆಫರ್ಸನ್ ಕೈಯಲ್ಲಿ ಥಾಮಸ್ ವೇಟ್ಲಿ ಬರೆದ ತೋಟಗಾರಿಕೆಯ ಪುಸ್ತಕವಿತ್ತು. ಪುಸ್ತಕದ ಮಾತಿಗೂ ಕಣ್ಣೆದುರಿನ ನೆಲಕ್ಕೂ ತಾಳೆ ನೋಡುತ್ತಾ ಅವನು ನಡೆದ. ಸ್ಟೋದ ಬಗ್ಗೆ ಅವನ ಟಿಪ್ಪಣಿಯಲ್ಲಿ ಮಂಟಪಗಳ ಜೊತೆಗೆ ಇನ್ನೊಂದು ಲೆಕ್ಕವೂ ಇದೆ: ತೋಟವನ್ನು ಅಚ್ಚುಕಟ್ಟಾಗಿಡಲು 15 ಆಳುಗಳು ಮತ್ತು 18 ಹುಡುಗರು ದುಡಿಯುತ್ತಿದ್ದರು. ಆಡಮ್ಸ್ ಇನ್ನೂ ಮುಂದೆ ಹೋದ. ಗುತ್ತಿಗೆ, ಸಂಬಳ, ಪಿಂಚಣಿಗಳ ರೂಪದಲ್ಲಿ ಶತಮಾನವಿಡೀ ಬೆಳೆದ ರಾಷ್ಟ್ರೀಯ ಸಾಲವೇ ಇಂಥ ವೈಭವವನ್ನೆಲ್ಲ ಹುಟ್ಟಿಸಬಲ್ಲದು ಎಂಬರ್ಥದ ಮಾತನ್ನು ದಿನಚರಿಯಲ್ಲಿ ಬರೆದುಕೊಂಡ. ಈ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆ ಇತ್ತೀಚಿನ ಸಂಶೋಧಕರು ಹುಟ್ಟುಹಾಕಿದ್ದೆಂದು ಹೇಳುವವರು ಈ ದಿನಚರಿಯನ್ನು ಓದಬೇಕು.

ಮಹಲಿನ ಒಳಗೆ ತೋರಿಸುವ ಹಕ್ಕು ಮನೆವಾರ್ತೆಯ ಮುಖ್ಯಸ್ಥೆಯದಾಗಿತ್ತು. ಬಂದವರು ಗೇಟಿನ ಬಳಿ ಹೆಸರು ಬರೆದು, ಒಡೆಯ ಊರಲ್ಲಿದ್ದರೆ ಕಾದು, ಅವಳ ಹಿಂದೆ ಕೋಣೆಯಿಂದ ಕೋಣೆಗೆ ಹೋಗಿ, ಹೊರಡುವಾಗ ಕೈಗೆ ಕಾಸು ಇಡುತ್ತಿದ್ದರು. ತೋಟಕ್ಕೆ ಬಂದಾಗ ಅದೇ ಹಕ್ಕು ತೋಟದ ಮೇಸ್ತ್ರಿಗೆ ಸೇರುತ್ತಿತ್ತು. ಅವನಿಗೂ ಬೇರೆಯೇ ಕಾಣಿಕೆ ಸಲ್ಲಬೇಕು. ಸಾಲ್ಸ್‌ಬರಿ ಬಳಿಯ ವಿಲ್ಟನ್ ಮಹಲಿಗೆ 1776ರಲ್ಲಿ ಹೋದ ಮಹಿಳೆಯೊಬ್ಬಳು ಹಿಂದಿನ ವರ್ಷ ಅಲ್ಲಿಗೆ 2,324 ಮಂದಿ ಬಂದಿದ್ದರೆಂದು ಗೇಟಿನ ಪುಸ್ತಕ ನೋಡಿ ಬರೆದಿಟ್ಟಿದ್ದಾಳೆ. ಆ ಕಾಲದ ರಸ್ತೆಗಳನ್ನು ನೆನೆದರೆ ಇದು ಸಣ್ಣ ಸಂಖ್ಯೆಯಲ್ಲ. ವಾರಿಕ್ ಕೋಟೆಯಲ್ಲಿ ದೀರ್ಘಕಾಲ ಈ ಕೆಲಸ ಮಾಡಿ 1834ರಲ್ಲಿ ತೀರಿಕೊಂಡ ಮರಿಯಾ ಹೋಮ್ ಬಂದವರ ಕಾಣಿಕೆಯಿಂದಲೇ 30,000 ಪೌಂಡ್ ಕೂಡಿಟ್ಟಿದ್ದಳೆಂಬ ಮಾತು ಪ್ರಚಲಿತವಾಗಿದೆ. ಮೊತ್ತ ಎಷ್ಟೇ ಇರಲಿ, ಅವಳ ಮಾತಿಗೆ ಬೆಲೆಯಿತ್ತು ಎಂಬುದಂತೂ ನಿಜ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ನಾಯಕಿ ಎಲಿಜಬೆತ್, ನಾಯಕ ಡಾರ್ಸಿಯ ಬಗ್ಗೆ ತನ್ನ ಅಭಿಪ್ರಾಯವನ್ನು ಇನ್ನಷ್ಟು ಬದಲಿಸಿಕೊಳ್ಳುವುದು ಅವನ ಮಹಲನ್ನು ನೋಡಲು ಹೋದಾಗ, ಮನೆವಾರ್ತೆಯವಳು ಆಡಿದ ಮೆಚ್ಚುಗೆ ಕೇಳಿ. ಆ ಕಾಲದ ಓದುಗರಿಗೆ ಆ ಸನ್ನಿವೇಶದಲ್ಲಿ ವಿಶೇಷವೇನೂ ಕಾಣದಷ್ಟು ಈ ಪದ್ಧತಿ ಬೇರೂರಿತ್ತು.

ಲಂಡನ್ ಬಳಿಯ ಸ್ಟ್ರಾಬೆರಿ ಹಿಲ್ ಎಂಬ ತನ್ನ ಮಹಲಿನಲ್ಲಿ ಹೊರೇಸ್ ವಾಲ್‌ಪೋಲ್ ಈ ಪದ್ಧತಿಗೆ ಅಚ್ಚಿನ ನಿಯಮಗಳನ್ನೇ ಮಾಡಿದ. ದಿನಕ್ಕೆ ಒಂದೇ ತಂಡ, ತಂಡದಲ್ಲಿ ನಾಲ್ವರಿಗಿಂತ ಹೆಚ್ಚಿಲ್ಲ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಾತ್ರ, ಮಕ್ಕಳನ್ನು ತರುವಂತಿಲ್ಲ. ಬಂದವರ ಹೆಸರುಗಳನ್ನು 1784ರಿಂದ ಅವನೇ ಒಂದು ಪುಸ್ತಕದಲ್ಲಿ ಬರೆದಿಟ್ಟ.

ನಾಲ್ವರ ತಂಡ ನೂರಾರು ಜನರ ತಂಡವಾದದ್ದು ರೈಲಿನಿಂದ. 1841ರ ಜುಲೈ 5ರಂದು ಥಾಮಸ್ ಕುಕ್ ಸುಮಾರು 500 ಜನರನ್ನು ತಲಾ ಒಂದು ಶಿಲಿಂಗ್ ದರದಲ್ಲಿ ಲೆಸ್ಟರ್‌ನಿಂದ ಲಫ್‌ಬರೋಗೆ ಕರೆದೊಯ್ದದ್ದು ಎಲ್ಲರೂ ಬಲ್ಲ ಸಂಗತಿ; ಅದು ಪಾನನಿಷೇಧದ ಸಭೆಗೆಂದು ಹೊರಟ ಪ್ರಯಾಣ. ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು 1848ರಲ್ಲಿ ಕುಕ್ ಬೆಲ್ವರ್ ಕೋಟೆಗೆ ನಡೆಸಿದ ಪ್ರವಾಸ. ಅದಕ್ಕಾಗಿ ಬರೆದ ಕೈಪಿಡಿಯಲ್ಲಿ ಅವನು ಕೋಟೆಯ ವರ್ಣನೆಗೆ ನಿಲ್ಲದೆ, ಹಿಂದೆ ಬಂದ ಕೆಲವು ದೊಡ್ಡ ತಂಡಗಳು ಸಭ್ಯತೆ ಮೀರಿ ನಡೆದು ಇತರರ ಅವಕಾಶಕ್ಕೂ ಕುತ್ತು ತಂದವೆಂದು ಕಟುವಾಗಿ ಎಚ್ಚರಿಸುತ್ತಾನೆ. ಇಲ್ಲಿ ಮಾರ್ಗದರ್ಶಿಯ ಸ್ಥಾನವೇ ಬದಲಾಗಿದೆ. ಮನೆವಾರ್ತೆಯವಳು ಒಡೆಯನ ಪರವಾಗಿ ಮಾತಾಡುತ್ತಿದ್ದಳು. ಕುಕ್ ಬಂದ ಜನರ ಪರವಾಗಿ ಒಡೆಯನಿಗೆ ಜಾಮೀನು ನಿಂತ.

ಮರುವರ್ಷ ಡರ್ಬಿಶೈರಿನ ರೋಸ್ಲಿಗೆ ರೈಲು ಬಂತು. ಅಲ್ಲಿಂದ ಚಾಟ್ಸ್‌ವರ್ತ್ ಮಹಲಿಗೆ ಮೂರು ಮೈಲಿ. 1849ರ ಆ ಬೇಸಿಗೆಯಲ್ಲಿ ಸುಮಾರು 80,000 ಜನ ಚಾಟ್ಸ್‌ವರ್ತ್ ನೋಡಿದರೆಂಬ ಅಂದಾಜಿದೆ. ಡೆವನ್‌ಶೈರಿನ ಆರನೆಯ ಡ್ಯೂಕ್ ಬಡವ ಬಲ್ಲಿದ ಎನ್ನದೆ ಬಂದವರಿಗೆಲ್ಲ ಕಾರಂಜಿಗಳನ್ನು ಹಾಯಿಸಿ ತೋರಿಸಬೇಕೆಂದು ಆಜ್ಞೆ ಮಾಡಿದ್ದ. ಶೆಫೀಲ್ಡಿನ ಕಬ್ಬಿಣದ ಕೆಲಸಗಾರ ಡ್ಯೂಕನಿಗೆ ಹಾಯುವ ನೀರನ್ನೇ ನೋಡಬಹುದಿತ್ತು. ಇದು ನಿಜವಾಗಿ ದೊಡ್ಡ ಮಾತು. ಔದಾರ್ಯದ ಕಥೆಯನ್ನು ಪ್ರಶ್ನಿಸುವ ನಾನು ಇದನ್ನು ಕಡೆಗಣಿಸಲಾರೆ. ಅಲ್ಲಿ ಜನರನ್ನು ಬೆರಗುಗೊಳಿಸಿದ ಮಹಾ ಗಾಜಿನಮನೆಯನ್ನು ಕಟ್ಟಿದವನು ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್. ಅಲ್ಲಿ ಗಳಿಸಿದ ಅನುಭವದಿಂದಲೇ ಅವನು 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸನ್ನು ರೂಪಿಸಿದ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಗೆ ಮಾದರಿಯಾದದ್ದು ಅದೇ. ಚಾಟ್ಸ್‌ವರ್ತಿನ ಮೂಲ ಗಾಜಿನಮನೆ ಈಗಿಲ್ಲ. ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಅದನ್ನು ಕೆಡವಿದರು.

ಮುಂದಿನ ಭಾಗವನ್ನು ಬೇಗ ದಾಟಬಹುದು. 1870ರ ದಶಕದ ಕೃಷಿ ಕುಸಿತ, 1894ರ ಮರಣ ತೆರಿಗೆ, ಎರಡು ಯುದ್ಧಗಳು ಒಡೆಯರ ಆದಾಯವನ್ನು ಹಿಂಡಿದವು. 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಹಾರ್ಡ್ವಿಕ್ ರಾನ್ಸ್ಲಿ ಸೇರಿ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. 1927ರಲ್ಲಿ ದಾದಿಯರ ಸೇವಾಸಂಸ್ಥೆಗೆ ಹಣ ಕೂಡಿಸಲು 609 ಖಾಸಗಿ ತೋಟಗಳು ತಲಾ ಒಂದು ಶಿಲಿಂಗ್ ಪಡೆದು ಬಾಗಿಲು ತೆರೆದವು; ಅಲ್ಲಿ ತೋರಿಸುವವರು ಹಲವು ಕಡೆ ತೋಟದ ಒಡತಿಯರೇ. 1937ರ ಕಾಯ್ದೆಯಿಂದ ಮಹಲುಗಳು ಜಮೀನು ಸಮೇತ ಟ್ರಸ್ಟ್‌ನ ಕೈಸೇರುವ ದಾರಿ ತೆರೆಯಿತು. 1949ರಲ್ಲಿ ಲಾಂಗ್ಲೀಟ್ ಮಹಲಿನ ಮಾರ್ಕ್ವಿಸ್ ಹಣ ಸಂಪಾದನೆಗೆಂದೇ ಅದನ್ನು ತೆರೆದ. ಮನೆವಾರ್ತೆಯವಳ ಜಾಗಕ್ಕೆ ಇಂದು ಸಂಬಳವಿಲ್ಲದ ಸ್ವಯಂಸೇವಕರು ಬಂದಿದ್ದಾರೆ. ಕೋಣೆಗೊಬ್ಬರಂತೆ ನಿಂತು, ಕೇಳಿದವರಿಗೆ ಹೇಳುವ ನಿವೃತ್ತರೇ ಅವರಲ್ಲಿ ಬಹಳ ಮಂದಿ.

ಅವರು ಏನು ಹೇಳಬೇಕು ಎಂಬುದೇ ಇಂದಿನ ಜಗಳ. 2020ರ ಸೆಪ್ಟೆಂಬರ್‌ನಲ್ಲಿ ನ್ಯಾಷನಲ್ ಟ್ರಸ್ಟ್ ಒಂದು ವರದಿ ಹೊರತಂದು, ತನ್ನ ವಶದಲ್ಲಿರುವ 93 ತಾಣಗಳಿಗೆ ವಸಾಹತು ಆಳ್ವಿಕೆ, ಗುಲಾಮಗಿರಿಗಳೊಂದಿಗೆ ನಂಟಿದೆಯೆಂದು ತೋರಿಸಿತು. ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಅದಕ್ಕೆ ಬಿರುಸಿನ ವಿರೋಧ ಬಂತು. ರಜೆಯ ದಿನ ಹೂ ನೋಡಲು ಬಂದವರಿಗೆ ಇದೆಲ್ಲ ಏಕೆ ಎಂಬುದು ವಿರೋಧಿಗಳ ಪ್ರಶ್ನೆ. ಸ್ಟೋದ ಕಥೆಯನ್ನೇ ಮುಂದುವರಿಸಿದರೆ ಉತ್ತರ ಸಿಗುತ್ತದೆ. 1848ರಲ್ಲಿ ಆ ಮನೆತನ ದಿವಾಳಿಯಾಗಿ, ಮಹಲಿನ ಸಾಮಾನುಗಳ ಹರಾಜು 40 ದಿನ ನಡೆಯಿತು. ಸ್ಟೋವನ್ನು ಮತ್ತೆ ನೇರ್ಪುಗೊಳಿಸಿದ, ಅದೇ ಮನೆತನದ ಬಕಿಂಗ್‌ಹ್ಯಾಮ್‌ನ ಮೂರನೆಯ ಡ್ಯೂಕ್ 1875ರಿಂದ 1880ರವರೆಗೆ ಮದರಾಸಿನ ಗವರ್ನರನಾಗಿದ್ದ. ಅವನ ಆಡಳಿತದಲ್ಲೇ 1876–78ರ ಮಹಾ ಬರಗಾಲ ಬಂದದ್ದು. ಮದರಾಸು ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. ಬರಪರಿಹಾರದ ಕೂಲಿಗಳು ಒಂದು ಭಾಗವನ್ನು ತೋಡಿದ ಬಕಿಂಗ್‌ಹ್ಯಾಮ್ ಕಾಲುವೆಗೆ ಅವನದೇ ಹೆಸರು. ಸ್ಟೋದ ಕೆರೆಯ ದಂಡೆಯಲ್ಲಿ ಒಂದು ಬೇಸಿಗೆಯ ದಿನ ಕಳೆಯುವವನಿಗೆ ಬಳ್ಳಾರಿಯ ಹೆಸರು ಕೇಳಿಸಿದರೆ ತೋಟದ ಚೆಲುವಿಗೆ ಕುಂದಿಲ್ಲ.

ವೇಲ್ಸಿನ ಪೋವಿಸ್ ಕೋಟೆಯಲ್ಲಿ ಈ ನಂಟು ಕಣ್ಣಿಗೇ ಕಾಣುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಅದರ ತೋಟ ಬ್ರಿಟನ್ನಿನ ಅತ್ಯಂತ ಸೊಗಸಾದ ತೋಟಗಳಲ್ಲೊಂದು. 1952ರಿಂದ ಅದು ಟ್ರಸ್ಟ್‌ನದು. ಒಳಗೆ ಟಿಪ್ಪು ಸುಲ್ತಾನನ ಡೇರೆ ಇದೆ. ಬಿಳಿಯ ಹತ್ತಿಬಟ್ಟೆಯ ಮೇಲೆ ಹೂದಾನಿಗಳ ಸಾಲು, ಅವುಗಳಿಂದ ಎದ್ದ ಕೆಂಪು ಹಸಿರು ಹೂಗಳು. ಪಕ್ಕದಲ್ಲಿ ಅವನ ಸಿಂಹಾಸನದಿಂದ ಕಿತ್ತ ಚಿನ್ನದ ಹುಲಿತಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರನಾಗಿದ್ದವನು ಎಡ್ವರ್ಡ್ ಕ್ಲೈವ್. ಅವನ ಹೆಂಡತಿ ಹೆನ್ರಿಯೆಟ್ಟಾ ಪೋವಿಸ್ ಮನೆತನದ ಮಗಳು. ಮರುವರ್ಷ ಅವಳು ಹೆಣ್ಣುಮಕ್ಕಳೊಂದಿಗೆ ಮೈಸೂರು ಸೀಮೆಯಲ್ಲಿ ಸುತ್ತಿ, ಬೆಂಗಳೂರಿನಲ್ಲಿ ಟಿಪ್ಪುವಿನ ಅರಮನೆಯಲ್ಲೇ ಉಳಿದಿದ್ದಳು. ಆ ಡೇರೆಯನ್ನು ಪೋವಿಸ್‌ನ ತೋಟದ ಔತಣಗಳಲ್ಲಿ ಚಪ್ಪರವಾಗಿ ಬಳಸುತ್ತಿದ್ದರು.

ಆ ಡೇರೆಯ ಮುಂದೆ ನಿಲ್ಲುವ ಸ್ವಯಂಸೇವಕರಿಗೆ ಅದರ ಬಟ್ಟೆ, ಬಣ್ಣ, ವಯಸ್ಸುಗಳ ವಿವರ ದೊರೆತಿದೆ. ಶ್ರೀರಂಗಪಟ್ಟಣದ ಕಡೆಯಿಂದ ಆ ಕಥೆ ಹೇಗೆ ಕಾಣುತ್ತದೆ ಎಂಬುದನ್ನು ಹೇಳಬಲ್ಲವರು ನಾವು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಪೋವಿಸ್ ಸಂಗ್ರಹದ ಮೈಸೂರು ವಸ್ತುಗಳ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸಿ ಅಲ್ಲಿಗೆ ಕಳುಹಿಸಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ರಜೆಯ ಒಂದು ದಿನ ಪೋವಿಸ್‌ಗೆ ಹೋಗಲಿ, ಡೇರೆಯ ಬಳಿ ನಿಂತವರನ್ನು ಮಾತಿಗೆಳೆಯಲಿ, ತಮಗೆ ತಿಳಿದದ್ದನ್ನು ಅವರಿಗೆ ಹೇಳಿ ಬರಲಿ.