ವಿಲಾಯತಿಯ ಅರ್ಥಶಾಸ್ತ್ರ, ನಮ್ಮವರ ಲೆಕ್ಕ

ಜೀಡಿಮೆಟ್ಲಾ, ಚಿಂತಲ್, ಬಾಲಾನಗರದ ಕಡೆ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಹಬ್ಬಕ್ಕೋ ಸೀಮಂತಕ್ಕೋ ನಾಲ್ಕು ಜನ ಸೇರಿದರೆ ಸಾಕು, ಮಾತು ಮಕ್ಕಳ ಹೊರದೇಶದ ಓದಿನ ಕಡೆಗೆ ತಿರುಗುತ್ತದೆ. ಬ್ಯಾಂಕಿನವರು ಎಷ್ಟು ಸಾಲ ಕೊಡುತ್ತಾರೆ, ಮನೆಯ ಪತ್ರ ಅಡವಿಡಬೇಕೆ, ವೀಸಾ ಸಿಕ್ಕೀತೆ ಎಂಬ ಪ್ರಶ್ನೆಗಳ ಜೊತೆಗೆ ಇತ್ತೀಚೆಗೆ ಇನ್ನೊಂದೂ ಸೇರಿಕೊಂಡಿದೆ. ಇಂಜಿನಿಯರಿಂಗ್ ಬೇಡ, ಅರ್ಥಶಾಸ್ತ್ರ ಓದುತ್ತೇನೆ ಎನ್ನುವ ಹುಡುಗ ಹುಡುಗಿಯರು ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸುತ್ತಿದ್ದಾರೆ. ಅದನ್ನು ಓದಲು ಅಷ್ಟು ದೂರ ಹೋಗಬೇಕೆ, ಅಲ್ಲಿಯ ಶಾಸ್ತ್ರ ಇಲ್ಲಿಗೆ ಹೊಂದೀತೆ ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮ ಕಡೆಯ ಕೆಲವರು ಎಂಬತ್ತು ನೂರು ವರ್ಷಗಳ ಹಿಂದೆಯೇ ಹಡಗು ಹತ್ತಿ ಹೋಗಿ ಇದೇ ಶಾಸ್ತ್ರವನ್ನು ಓದಿ ಬಂದಿದ್ದಾರೆ. ಅವರು ಅಲ್ಲಿಂದ ತಂದದ್ದೇನು, ತಂದದ್ದನ್ನು ಇಲ್ಲಿ ಏನು ಮಾಡಿದರು ಎಂಬುದನ್ನು ನಮ್ಮ ವಾಚಕರ ಮುಂದಿಡಬೇಕೆಂದು ಈ ಲೇಖನ.

ನಾವಾದರೋ ವಿಜ್ಞಾನದ ಪದವಿ ಪಡೆದು ಕೇಂದ್ರ ಸರ್ಕಾರದ ಕಚೇರಿಯ ಕಡತಗಳ ನಡುವೆ ಕುಳಿತವರು. ನಮಗೆ ಅರ್ಥಶಾಸ್ತ್ರದ ಪರಿಚಯವಾದದ್ದು ಜನವರಿ ಮತ್ತು ಜುಲೈ ತಿಂಗಳ ತುಟ್ಟಿಭತ್ಯೆಯ ಮೂಲಕ. ಬೆಲೆ ಏಕೆ ಏರುತ್ತದೆ, ಅದನ್ನು ಯಾರು ಅಳೆಯುತ್ತಾರೆ, ದೇಶದ ವರಮಾನ ಎಂದರೇನು, ಅದರಲ್ಲಿ ತಲೆಗೆಷ್ಟು ಎಂಬ ಕುತೂಹಲ ಅಲ್ಲಿಂದ ಹುಟ್ಟಿತು. ಹುಡುಕುತ್ತ ಹೋದಾಗ ಎರಡು ಹೆಸರುಗಳು ಎದುರಾದವು. ಒಬ್ಬರು ವಿ.ಕೆ.ಆರ್.ವಿ. ರಾವ್, ಇನ್ನೊಬ್ಬರು ಬಿ.ಆರ್. ಶೆಣೈ. ಮೊದಲನೆಯವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದಾರೆ. ಎರಡನೆಯವರು ನಮ್ಮ ಗಡಿನಾಡಿನವರೆಂಬುದೇ ಎಷ್ಟೋ ಕನ್ನಡಿಗರಿಗೆ ತಿಳಿದಿಲ್ಲ.

ಅವರಿಬ್ಬರ ಕಥೆಗೆ ಮುನ್ನ ಸ್ವಲ್ಪ ಹಿನ್ನೆಲೆ ಬೇಕು. ಇಂಗ್ಲೆಂಡಿನಲ್ಲಿಯೂ ಅರ್ಥಶಾಸ್ತ್ರ ಬಹುಕಾಲ ಇತರ ಶಾಸ್ತ್ರಗಳ ಬಾಲವಾಗಿಯೇ ಇತ್ತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹುಟ್ಟಿದ್ದು 1895ರಲ್ಲಿ. ಕೇಂಬ್ರಿಜ್ಜಿನಲ್ಲಿ ಅದಕ್ಕೆ ಪ್ರತ್ಯೇಕ ಪರೀಕ್ಷೆ ಬಂದದ್ದು 1903ರಲ್ಲಿ. ನಮ್ಮವರಲ್ಲಿ ಬಹಳ ಮೊದಲು ಕೇಂಬ್ರಿಜ್ಜಿಗೆ ಹೋಗಿ ಬಂದವರು ಮೈಸೂರಿನ ಎನ್.ಎಸ್. ಸುಬ್ಬರಾಯರು. ಜಾತಕ ಕಥೆಗಳಲ್ಲಿ ಕಾಣುವ ಪ್ರಾಚೀನ ಭಾರತದ ಆರ್ಥಿಕ, ರಾಜಕೀಯ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1911ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಓದಿನಿಂದ ಬಂದವರು ಬೌದ್ಧರ ಕಥೆಗಳೊಳಗೆ ವರ್ತಕರನ್ನೂ ಕುಶಲಕರ್ಮಿಗಳನ್ನೂ ಹುಡುಕಿದ್ದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ. ಅವರು ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. 1935ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ. ಹೊರನಾಡಿನ ಸಮ್ಮೇಳನಕ್ಕೆ ಅರ್ಥಶಾಸ್ತ್ರಿಯೊಬ್ಬರನ್ನು ಆರಿಸಿದ ಆ ಕಾಲದವರ ಮನಸ್ಸು ದೊಡ್ಡದಿತ್ತು. (ನಮ್ಮ ಹೈದರಾಬಾದಿನ ಸರದಿ 1941ರಲ್ಲಿ ಬಂತು. ಆಗ ಅಧ್ಯಕ್ಷರು ಎ.ಆರ್. ಕೃಷ್ಣಶಾಸ್ತ್ರಿಗಳು.)

ಹಣದ ಮಾತಿಲ್ಲದೆ ಪರದೇಶದ ಓದಿನ ಚರಿತ್ರೆ ಇಲ್ಲ. ಈ ವಿಷಯದಲ್ಲಿ ಡಾ. ಅಂಬೇಡ್ಕರರ ಉದಾಹರಣೆಯನ್ನು ನೆನೆಯಲೇಬೇಕು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 1916ರಲ್ಲಿ ಲಂಡನ್ನಿಗೆ ಬಂದರು. ವೇತನದ ಅವಧಿ ಮುಗಿಯಿತೆಂದು 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ದುಡಿದು, ಉಳಿಸಿ, ಸಾಲ ಎತ್ತಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂತು. ರೂಪಾಯಿಯ ಸಮಸ್ಯೆಯನ್ನು ಕುರಿತ ಆ ಪ್ರಬಂಧ ಪುಸ್ತಕವಾದಾಗ ಅವರ ಗುರು ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದರು. ತಮಗೆ ಒಪ್ಪಿಗೆಯಿಲ್ಲದ ಮಾತುಗಳು ಇದರಲ್ಲಿವೆ ಎಂದು ಆ ಮುನ್ನುಡಿಯಲ್ಲೇ ಹೇಳಿದರು. ಶಿಷ್ಯ ಗುರುವನ್ನು ಒಪ್ಪಬೇಕೆಂಬ ಕಟ್ಟಳೆ ಅಲ್ಲಿರಲಿಲ್ಲ.

ಎಲ್ಲರೂ ಇಂಗ್ಲೆಂಡಿಗೇ ಹೋದರೆಂದಲ್ಲ. ನಮ್ಮ ಈ ಹೈದರಾಬಾದಿನಲ್ಲಿ 1897ರಲ್ಲಿ ಹುಟ್ಟಿದ ಜಾಕಿರ್ ಹುಸೇನರು ಜರ್ಮನಿಗೆ ಹೋಗಿ, ಭಾರತದ ಕೃಷಿ ವ್ಯವಸ್ಥೆಯ ಮೇಲೆ ಪ್ರಬಂಧ ಬರೆದು 1926ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆದರು. 1967ರಲ್ಲಿ ರಾಷ್ಟ್ರಪತಿಯಾದಾಗ ಅವರು ಅರ್ಥಶಾಸ್ತ್ರದ ಡಾಕ್ಟರ್ ಎಂಬುದು ಎಷ್ಟು ಜನರಿಗೆ ನೆನಪಿತ್ತೋ.

ಇನ್ನು ನಮ್ಮಿಬ್ಬರ ಕಥೆ.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಹುಟ್ಟಿದ್ದು 1908ರಲ್ಲಿ, ಕಾಂಚೀಪುರದಲ್ಲಿ. ಮುಂದೆ ಬಳ್ಳಾರಿಯಿಂದ ಎರಡು ಸಲ ಲೋಕಸಭೆಗೆ ಆರಿಸಿ ಬಂದು, ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿ ಕನ್ನಡ ನಾಡಿನವರೇ ಆದರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಓದಿ ಕೇಂಬ್ರಿಜ್ಜಿನ ಗಾನ್ವಿಲ್ ಅಂಡ್ ಕೀಸ್ ಕಾಲೇಜಿಗೆ ಹೋದರು. ಅಲ್ಲಿ ಆಗ ಕೇನ್ಸರ ಕಾಲ.

ಬೆಳ್ಳಿಕೋತ್ ರಘುನಾಥ ಶೆಣೈ ಹುಟ್ಟಿದ್ದು 1905ರಲ್ಲಿ. ಹೆಸರಿನಲ್ಲೇ ಇರುವ ಬೆಳ್ಳಿಕೋತ್ ಕಾಞಂಗಾಡಿನ ಹತ್ತಿರದ ಊರು. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ, ಅಂದರೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ಸೇರಿದ ವರ್ಷವೇ, ಕಾಸರಗೋಡು ಕೇರಳಕ್ಕೆ ಹೋಯಿತು. ಶೆಣೈ ಅವರು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1931ರಲ್ಲಿ ವಿಯೆನ್ನಾದಿಂದ ಹಾಯೆಕ್ ಎಂಬ ತರುಣ ವಿದ್ವಾಂಸರು ಅಲ್ಲಿಗೆ ಬಂದು ಬೆಲೆ ಮತ್ತು ಉತ್ಪಾದನೆಯ ಮೇಲೆ ಉಪನ್ಯಾಸ ಕೊಟ್ಟಾಗ ಶೆಣೈ ಸಭೆಯಲ್ಲಿದ್ದರು.

ಕೇನ್ಸ್ ಮತ್ತು ಹಾಯೆಕ್ ಎಂದರೆ ಆ ಕಾಲದ ದೊಡ್ಡ ಜಗಳ. ಲೋಕವೆಲ್ಲ ಮಂದಗತಿಯ ವ್ಯಾಪಾರದಲ್ಲಿ ಮುಳುಗಿದ್ದ ಹೊತ್ತು. ಸರ್ಕಾರ ಕೈಬಿಚ್ಚಿ ಖರ್ಚು ಮಾಡಿದರೆ ಕೆಲಸ ಹುಟ್ಟುತ್ತದೆ, ಒಬ್ಬನ ಕೂಲಿ ಇನ್ನೊಬ್ಬನ ವ್ಯಾಪಾರವಾಗಿ ವರಮಾನ ಹಲವು ಪಟ್ಟು ಬೆಳೆಯುತ್ತದೆ ಎಂಬುದು ಕೇನ್ಸರ ದಾರಿ. ಉಳಿತಾಯವಿಲ್ಲದೆ ಬರೀ ಹಣ ಸೃಷ್ಟಿಸಿ ಉದ್ಯಮ ಬೆಳೆಸಿದರೆ ಆ ಬೆಳವಣಿಗೆ ನಿಲ್ಲುವುದಿಲ್ಲ, ಒಂದು ದಿನ ಕುಸಿಯುತ್ತದೆ ಎಂಬುದು ಹಾಯೆಕರ ವಾದ. ಶೆಣೈ ಕೇಳಿದ್ದಷ್ಟಕ್ಕೇ ಸುಮ್ಮನಾಗಲಿಲ್ಲ. ಹಣವನ್ನು ಕುರಿತ ಕೇನ್ಸರ ಗ್ರಂಥದಲ್ಲಿದ್ದ ಸಮೀಕರಣಗಳನ್ನು ಹಿಡಿದು ಅಮೆರಿಕದ ಹಾರ್ವರ್ಡಿನಿಂದ ಹೊರಡುವ ತ್ರೈಮಾಸಿಕದಲ್ಲಿ 1930ರ ದಶಕದ ಆರಂಭದಲ್ಲೇ ಲೇಖನ ಬರೆದರು. ಮೂವತ್ತು ವಯಸ್ಸು ತುಂಬದ ನಮ್ಮ ಕರಾವಳಿಯ ತರುಣನ ಧೈರ್ಯ ಅದು.

ರಾವ್ ಹಿಡಿದ ಕೆಲಸ ಬೇರೆ ಬಗೆಯದು. ಭಾರತದ ಒಟ್ಟು ವರಮಾನ ಎಷ್ಟು? ದಾದಾಭಾಯಿ ನವರೋಜಿಯವರು 1867–68ರ ಲೆಕ್ಕ ಹಾಕಿ ತಲೆಗೆ ವರ್ಷಕ್ಕೆ 20 ರೂಪಾಯಿ ಎಂದಿದ್ದರು. ಆಮೇಲೆ ಹಲವರು ತಮತಮಗೆ ತೋರಿದ ಅಂಕಿ ಹೇಳಿದ್ದರು, ಬ್ರಿಟಿಷರನ್ನು ಹೊಗಳುವವರದು ದೊಡ್ಡ ಅಂಕಿ, ತೆಗಳುವವರದು ಸಣ್ಣದು. ರಾವ್ ಕೇಂಬ್ರಿಜ್ಜಿನಲ್ಲಿದ್ದಾಗ ಅಲ್ಲಿಯೇ ಕಾಲಿನ್ ಕ್ಲಾರ್ಕ್ ಎಂಬವರು ಬ್ರಿಟನ್ನಿನ ವರಮಾನವನ್ನು ಎಣಿಸುತ್ತಿದ್ದರು. ಆದರೆ ಅಲ್ಲಿಯ ಪದ್ಧತಿಯನ್ನು ಇದ್ದ ಹಾಗೇ ಎತ್ತಿಕೊಂಡು ಬರುವಂತಿರಲಿಲ್ಲ. ಇಂಗ್ಲೆಂಡಿನವನಿಗೆ ಸಂಬಳದ ಚೀಟಿ ಇದೆ, ತೆರಿಗೆಯ ದಾಖಲೆ ಇದೆ. ನಮ್ಮ ರೈತನಿಗೆ? ತಾನು ಬೆಳೆದ ಜೋಳವನ್ನು ತಾನೇ ಉಣ್ಣುವವನ ವರಮಾನ ಯಾವ ಪುಸ್ತಕದಲ್ಲಿ ಬರೆದಿರುತ್ತದೆ?

ರಾವ್ ಲೆಕ್ಕವನ್ನು ಎರಡಾಗಿ ಒಡೆದರು. ಬೇಸಾಯ, ಅರಣ್ಯ, ಮೀನುಗಾರಿಕೆ ಇಂಥವುಗಳಲ್ಲಿ ಬೆಳೆದದ್ದೆಷ್ಟು, ಅದರ ಬೆಲೆಯೆಷ್ಟು, ಬೀಜಕ್ಕೂ ದನದ ಮೇವಿಗೂ ಹೋದದ್ದೆಷ್ಟು ಎಂದು ಉತ್ಪಾದನೆಯ ಕಡೆಯಿಂದ ಎಣಿಸಿದರು. ಕೈಗಾರಿಕೆ, ವ್ಯಾಪಾರ, ಸಾರಿಗೆ, ನೌಕರಿಗಳಲ್ಲಿ ಜನರ ಕೈಗೆ ಬಂದ ವರಮಾನವನ್ನು ಕೂಡಿಸಿದರು. ಹೀಗೆ 1931–32ನೇ ಸಾಲಿನ ಬ್ರಿಟಿಷ್ ಇಂಡಿಯಾಕ್ಕೆ ಅವರು ಕಂಡುಕೊಂಡ ತಲಾ ವರಮಾನ ವರ್ಷಕ್ಕೆ 62 ರೂಪಾಯಿ. ತಿಂಗಳಿಗೆ ಐದು ರೂಪಾಯಿ ಚಿಲ್ಲರೆ. ಈ ಪ್ರಬಂಧಕ್ಕೆ 1937ರಲ್ಲಿ ಪಿಎಚ್.ಡಿ. ಬಂತು, 1940ರಲ್ಲಿ ಅದು ಪುಸ್ತಕವಾಯಿತು. ನಮ್ಮ ದೃಷ್ಟಿಯಲ್ಲಿ ಪರದೇಶದ ಓದಿನಿಂದ ಈ ದೇಶಕ್ಕೆ ಬಂದ ಬಹು ದೊಡ್ಡ ಲಾಭಗಳಲ್ಲಿ ಇದೊಂದು. ಬಡತನವಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಎದುರಾಳಿಯೂ ತಳ್ಳಿಹಾಕಲಾರದಂತೆ ಅಳೆದು ತೋರಿಸುವುದು ಬೇರೆ ಕೆಲಸ.

ಸ್ವಾತಂತ್ರ್ಯ ಬಂತು. ರಾವ್ 1949ರಲ್ಲಿ ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸ್ಥಾಪಿಸಿದರು. ಶೆಣೈ ಸಿಂಹಳದಲ್ಲಿ ಕೆಲವು ಕಾಲ ಇದ್ದು, ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿ, 1954ರಲ್ಲಿ ಗುಜರಾತ್ ವಿಶ್ವವಿದ್ಯಾಲಯ ಸೇರಿದರು. ಇಲ್ಲಿಯ ತನಕ ಕಥೆ ನೇರವಾಗಿದೆ, ಒಬ್ಬರು ಕೇನ್ಸರ ಶಿಷ್ಯರು, ಇನ್ನೊಬ್ಬರು ಹಾಯೆಕರ ಕಡೆಯವರು. ಆದರೆ 1952ರಲ್ಲಿ ರಾವ್ ಒಂದು ಲೇಖನ ಬರೆದರು. ಖರ್ಚಿನಿಂದ ವರಮಾನ ಹಲವು ಪಟ್ಟಾಗುತ್ತದೆಂಬ ತಮ್ಮ ಗುರುವಿನ ಸೂತ್ರ ನಮ್ಮಂಥ ಹಿಂದುಳಿದ ದೇಶದಲ್ಲಿ ನಡೆಯದು ಎಂಬುದು ಅದರ ಸಾರ. ಇಂಗ್ಲೆಂಡಿನಲ್ಲಿ ಯಂತ್ರಗಳು ನಿಂತಿವೆ, ಕೆಲಸ ಬಲ್ಲ ಕಾರ್ಮಿಕರು ಮನೆಯಲ್ಲಿ ಕುಳಿತಿದ್ದಾರೆ. ಬೇಡಿಕೆ ಬಂದರೆ ಕಾರ್ಖಾನೆಯ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ತೆರೆಯಲು ಕಾರ್ಖಾನೆಯೇ ಇಲ್ಲ. ಒಂದೇ ಹೊಲದಲ್ಲಿ ಇಬ್ಬರು ಮಾಡುವ ಕೆಲಸವನ್ನು ಐವರು ಮಾಡುತ್ತಾರೆ, ಅವರು ನಿರುದ್ಯೋಗಿಗಳ ಪಟ್ಟಿಯಲ್ಲೂ ಇಲ್ಲ. ಕೈಗೆ ಹಣ ಬಂದರೆ ಅವರು ಮೊದಲು ಕೊಳ್ಳುವುದು ಧಾನ್ಯ. ಧಾನ್ಯವೋ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಹಣ ಹೆಚ್ಚಿದರೆ ಬೆಳೆ ಹೆಚ್ಚುವುದಿಲ್ಲ, ಬೆಲೆ ಹೆಚ್ಚುತ್ತದೆ. ಕೇಂಬ್ರಿಜ್ಜಿನಲ್ಲಿ ಕಲಿತ ಉಪಕರಣದಿಂದಲೇ ಕೇಂಬ್ರಿಜ್ಜಿನ ಔಷಧವನ್ನು ಪರೀಕ್ಷಿಸಿ, ಇದು ನಮ್ಮ ರೋಗಿಗಲ್ಲ ಎಂದರು.

1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡು ಸಿದ್ಧವಾಯಿತು. ಬರೆದವರು ಮಹಲನೋಬಿಸ್, ಕೇಂಬ್ರಿಜ್ಜಿನಲ್ಲಿ ಭೌತಶಾಸ್ತ್ರ ಓದಿದವರು. ಅದನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಲಿಗೆ ಅಧ್ಯಕ್ಷರು ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್, ಅವರು ಅದೇ ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರಕ್ಕೆ ಬಹುಮಾನ ಪಡೆದವರು. (ಬಿ.ಎಸ್‌ಸಿ. ಓದಿದ ನಮ್ಮಂಥವರು ಇದನ್ನು ಓದಿ ಒಳಗೊಳಗೇ ಹಿಗ್ಗಿದ್ದುಂಟು.) ಮಂಡಲಿಯಲ್ಲಿ ರಾವ್ ಇದ್ದರು, ಶೆಣೈ ಇದ್ದರು. ಸರ್ಕಾರಿ ವಲಯದ ಖರ್ಚು 4,800 ಕೋಟಿ ರೂಪಾಯಿ ಎಂದು ಮುಂದೆ ಗೊತ್ತಾಯಿತು. ಅದರಲ್ಲಿ 1,200 ಕೋಟಿ ಕೊರತೆಯ ಹಣ, ನೇರವಾಗಿ ಹೇಳುವುದಾದರೆ ನೋಟು ಅಚ್ಚು ಹಾಕಿ ತರುವ ಹಣ. ಮಂಡಲಿ ಒಪ್ಪಿತು, ರಾವ್ ಕೂಡ. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ದೇಶದ ಉಳಿತಾಯಕ್ಕೆ ಮೀರಿದ ಯೋಜನೆ ಇದು, ಬೆಲೆ ಏರುತ್ತದೆ, ಬೆಲೆ ಏರಿದರೆ ಬಡವನೇ ಮೊದಲು ಸಾಯುತ್ತಾನೆ, ಹಿಡಿತ ತಪ್ಪಿದ ಬೆಲೆಗಳನ್ನು ಹಿಡಿಯಲು ನಿರ್ಬಂಧದ ಮೇಲೆ ನಿರ್ಬಂಧ ಬರುತ್ತದೆ ಎಂಬುದು ಅವರ ಎಚ್ಚರಿಕೆ.

ಗಮನಿಸಬೇಕಾದದ್ದು ಇಲ್ಲಿ. ಹಣ ಹೆಚ್ಚಿದರೆ ಬೆಲೆ ಏರುತ್ತದೆಂದು ಮೂರು ವರ್ಷ ಮೊದಲೇ ಬರೆದಿದ್ದವರು ರಾವ್. ರೋಗದ ವಿಷಯದಲ್ಲಿ ಇಬ್ಬರೂ ಅಷ್ಟೇನೂ ದೂರವಿರಲಿಲ್ಲ. ಚಿಕಿತ್ಸೆಯಲ್ಲಿ ದಾರಿ ಬೇರೆಯಾಯಿತು. ಕಾರ್ಖಾನೆ ಇಲ್ಲದ ದೇಶದಲ್ಲಿ ಸರ್ಕಾರವೇ ಮುಂದೆ ನಿಂತು ಕಟ್ಟಬೇಕು, ಅದಕ್ಕೆ ಯೋಜನೆ ಬೇಕು ಎಂದು ರಾವ್ ನಂಬಿದ್ದರು. ಜನರ ಉಳಿತಾಯವನ್ನೂ ಬುದ್ಧಿಯನ್ನೂ ಬಿಟ್ಟರೆ ಅವರೇ ಕಟ್ಟುತ್ತಾರೆ, ಸರ್ಕಾರ ರೂಪಾಯಿಯ ಬೆಲೆ ಕಾಪಾಡಿದರೆ ಸಾಕು ಎಂದು ಶೆಣೈ. ಈ ಜಗಳ ತೀರಿತೆಂದು ನಮಗೆ ಅನ್ನಿಸುವುದಿಲ್ಲ. ಬೆಂಗಳೂರಿನ ಎಚ್.ಎಂ.ಟಿ.ಯ ಘಟಕ ನಮ್ಮ ಚಿಂತಲ್ ಪಕ್ಕದಲ್ಲಿ ತಲೆಯೆತ್ತಿದ್ದು ರಾವ್ ಅವರಂಥವರ ನಂಬಿಕೆಯಿಂದ. ಅದರಾಚೆ ಜೀಡಿಮೆಟ್ಲಾದಲ್ಲಿ ಸಣ್ಣ ಪುಟ್ಟ ಖಾಸಗಿ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು, ಆ ನೆಲವನ್ನು ಹಂಚಿಕೊಟ್ಟದ್ದೂ ಸರ್ಕಾರದ ನಿಗಮವೇ. ಎರಡೂ ಕಡೆಯಿಂದ ನಮ್ಮವರು ಅನ್ನ ಉಂಡಿದ್ದಾರೆ. 1957ರ ವೇಳೆಗೆ ಮಾತ್ರ ಧಾನ್ಯದ ಬೆಲೆ ಏರಿತ್ತು, ವಿದೇಶಿ ವಿನಿಮಯ ಬರಿದಾಗುತ್ತ ಬಂದಿತ್ತು, 1958ರಲ್ಲಿ ನೆರವಿಗಾಗಿ ಶ್ರೀಮಂತ ದೇಶಗಳ ಕೂಟದ ಮುಂದೆ ಹೋಗಬೇಕಾಯಿತು. ಶೆಣೈ ಹೇಳಿದ್ದು ಅಷ್ಟರಮಟ್ಟಿಗೆ ಕೂಡಿ ಬಂದಿತ್ತು. ಆದರೂ ಅವರಿಗೆ ಯಾವ ಪೀಠವೂ ಸಿಗಲಿಲ್ಲ. 1968ರ ತನಕ ಅಹಮದಾಬಾದಿನಲ್ಲಿ ಪಾಠ ಹೇಳಿ, ಕೊನೆಯವರೆಗೆ ಅದೇ ಮಾತನ್ನು ಬರೆಯುತ್ತಿದ್ದು 1978ರಲ್ಲಿ ತೀರಿಕೊಂಡರು.

ನಮ್ಮ ಬಸ್ಸುಗಳ ಹಲಗೆಯ ಮೇಲೆ ‘ಐ.ಡಿ.ಎ. ಜೀಡಿಮೆಟ್ಲಾ’ ಎಂದಿರುವುದನ್ನು ಓದುಗರು ನೋಡಿದ್ದಾರೆ. ಅದು ಕೈಗಾರಿಕಾ ಅಭಿವೃದ್ಧಿ ಪ್ರದೇಶ. ಅದೇ ಮೂರಕ್ಷರದ ಇನ್ನೊಂದು ಐ.ಡಿ.ಎ. ವಾಷಿಂಗ್ಟನ್ನಿನಲ್ಲಿದೆ, ಬಡ ದೇಶಗಳಿಗೆ ಅತಿ ಸುಲಭದ ಸಾಲ ಕೊಡುವ ಸಂಸ್ಥೆ, 1960ರಲ್ಲಿ ಹುಟ್ಟಿದ್ದು. ಇಂಥದೊಂದು ಸಂಸ್ಥೆ ಬೇಕೆಂಬ ಪ್ರಸ್ತಾಪವನ್ನು 1949ರಲ್ಲಿ ವಿಶ್ವಸಂಸ್ಥೆಯ ಉಪಸಮಿತಿಯ ಅಧ್ಯಕ್ಷರಾಗಿ ಮುಂದಿಟ್ಟವರು ಇದೇ ರಾವ್.

ರಾವ್ ಅವರಿಗೆ ಪೀಠಗಳು ಬಂದವು. ದಿಲ್ಲಿಯ ಉಪಕುಲಪತಿ, ಯೋಜನಾ ಆಯೋಗದ ಸದಸ್ಯ, ಕೇಂದ್ರದ ಮಂತ್ರಿ. ಅವುಗಳಿಗಿಂತ ಅವರು ಕಟ್ಟಿದ ಸಂಸ್ಥೆಗಳು ಹೆಚ್ಚು ಬಾಳಿದವು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಶುರುವಾಯಿತು. ಅವರ ದಿಲ್ಲಿ ಸ್ಕೂಲಿನಲ್ಲಿ ಪಿಎಚ್.ಡಿ. ಮಾಡಿ, ದಿಲ್ಲಿಯಲ್ಲಿ ಅವರೇ ಸ್ಥಾಪಿಸಿದ ಇನ್ನೊಂದು ಸಂಸ್ಥೆಯಲ್ಲಿ ದುಡಿದ ಕರೀಂನಗರದ ಸಿ.ಎಚ್. ಹನುಮಂತ ರಾವ್, 1980ರಲ್ಲಿ ಇಲ್ಲಿ ಬೇಗಂಪೇಟೆಯಲ್ಲಿ ಆರಂಭವಾದ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರದ ಸ್ಥಾಪಕರಲ್ಲಿ ಒಬ್ಬರು. ನಮ್ಮ ಮಕ್ಕಳು ವಿಮಾನ ಹತ್ತುವ ಮುನ್ನ ಸಿಟಿ ಬಸ್ಸಿನಲ್ಲೇ ಹೋಗಿ ನೋಡಿ ಬರಬಹುದಾದ ಜಾಗ ಅದು. ಮೇಷ್ಟ್ರ ಪಾಠ ಎಲ್ಲೇ ಸಿಗಲಿ, ಕೇಳಬೇಕಾದ ಪ್ರಶ್ನೆ ಕಲಬುರಗಿಯ ತೊಗರಿಯದೋ ಜೀಡಿಮೆಟ್ಲಾದ ಕೂಲಿಯದೋ ಆಗಿದ್ದರೆ ಸಾಲ ಮಾಡಿದ್ದಕ್ಕೂ ಅರ್ಥವಿದೆ ಎಂದು, ಕೇಳಿದವರಿಗೆ ನಾವು ಹೇಳುತ್ತೇವೆ.

1991ರ ಜುಲೈ 24ರಂದು ಹಣಕಾಸು ಮಂತ್ರಿ ಮನಮೋಹನ ಸಿಂಗ್ ಲೋಕಸಭೆಯಲ್ಲಿ ಬಜೆಟ್ ಮಂಡಿಸಿದರು. ಅವರು ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ರಾವ್ ಸ್ಥಾಪಿಸಿದ ದಿಲ್ಲಿ ಸ್ಕೂಲಿನಲ್ಲಿ ಪಾಠ ಹೇಳಿದ್ದವರು. ಶೆಣೈ ತಮ್ಮ ಜೀವಮಾನವೆಲ್ಲ ತೆಗೆಯಿರಿ ಎಂದ ಎಷ್ಟೋ ನಿರ್ಬಂಧಗಳು ಆ ವರ್ಷ ತೆಗೆಯಲ್ಪಟ್ಟವು. ಮರುದಿನ, ಜುಲೈ 25ರಂದು, ವಿ.ಕೆ.ಆರ್.ವಿ. ರಾವ್ ನಿಧನರಾದರು.